ಉರಿಯೂತದ ಅಧ್ಯಯನಕ್ಕೆ ಪ್ರಾಣಿ ಮಾದರಿಯನ್ನು ಆರಿಸುವ ಬಗೆ: ಪ್ರಶ್ನೆಯಿಂದ ವರದಿಯವರೆಗೆ

ಉರಿಯೂತದ ಕುರಿತು ಮೊದಲ ಪ್ರಯೋಗವನ್ನು ಯೋಜಿಸುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ತಮ್ಮ ಪ್ರಯೋಗಾಲಯದಲ್ಲಿ ಮೊದಲಿನಿಂದಲೂ ರೂಢಿಯಲ್ಲಿರುವ ಪ್ರಾಣಿ ಮಾದರಿಯನ್ನೇ, ಅಂದರೆ ರೋಗವನ್ನು ಹೋಲುವ ಸ್ಥಿತಿಯಿರುವ ಪ್ರಾಣಿಯನ್ನೇ, ಎತ್ತಿಕೊಳ್ಳುತ್ತಾರೆ, ಪ್ರಶ್ನೆಯನ್ನು ಆಮೇಲೆ ಅದಕ್ಕೆ ಹೊಂದಿಸುತ್ತಾರೆ. ಕ್ರಮ ಇದಕ್ಕೆ ತದ್ವಿರುದ್ಧವಾಗಿರಬೇಕು. ಯಾವ ಪ್ರಾಣಿ ಮಾದರಿಯೂ ಮನುಷ್ಯನ ರೋಗವನ್ನು ಇಡಿಯಾಗಿ ತೋರಿಸುವುದಿಲ್ಲ, ಅದರ ಒಂದು ಭಾಗವನ್ನು ಮಾತ್ರ ಬೇರ್ಪಡಿಸಿ ತೋರಿಸುತ್ತದೆ. ನಮಗೆ ಬೇಕಾದ ಭಾಗ ಯಾವುದು, ಆರಿಸಿದ ಮಾದರಿಯಲ್ಲಿ ಅದು ನಿಜವಾಗಿಯೂ ಇದೆಯೇ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳದಿದ್ದರೆ ಮುಂದಿನ ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದರ ಉತ್ತರ ಬೇರೆ ಯಾವುದೋ ಪ್ರಶ್ನೆಗೆ ಸಂದಿರುತ್ತದೆ. ಈ ಮಾರ್ಗದರ್ಶಿಯನ್ನು ಪ್ರಯೋಗ ನಡೆಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಇಂಥ ಪ್ರಯೋಗಗಳ ವರದಿಯನ್ನು ಓದಿ ತೂಗಿ ನೋಡಬೇಕಾದವರಿಗೂ ಇದೇ ಹೆಜ್ಜೆಗಳು ಅನ್ವಯಿಸುತ್ತವೆ. ಇಲ್ಲಿ ಇಲಿ ಎಂದಾಗಲೆಲ್ಲ ಮೌಸ್ ಎಂದು ತಿಳಿಯಬೇಕು. ರ‍್ಯಾಟ್‌ನ ಪ್ರಸ್ತಾಪ ಬಂದಲ್ಲಿ ಅದನ್ನು ಹೆಸರಿಸಿಯೇ ಹೇಳಲಾಗಿದೆ.

ಮೊದಲ ಹೆಜ್ಜೆ: ಉರಿಯೂತದ ಯಾವ ಘಟ್ಟ ಎಂಬುದನ್ನು ಗೊತ್ತುಮಾಡಿಕೊಳ್ಳಿ

ಕೆಂಪಾಗುವುದು, ಬಾತುಕೊಳ್ಳುವುದು, ಬಿಸಿಯಾಗುವುದು, ನೋಯುವುದು ಎಂಬ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಕ್ರಿ.ಶ. ಒಂದನೆಯ ಶತಮಾನದಲ್ಲಿಯೇ ದಾಖಲಿಸಿದ್ದ. ಅವುಗಳ ಹಿಂದಿನ ವ್ಯವಹಾರ ಕಣ್ಣಿಗೆ ಬಿದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಅದೂ ಪ್ರಾಣಿಗಳ ಮೂಲಕ. ಜೂಲಿಯಸ್ ಕೋನ್‌ಹೈಮ್ ಕಪ್ಪೆಯ ತೆಳುವಾದ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ಇರಿಸಿ, ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಯನ್ನು ನುಸುಳಿ ಹೊರಬರುವುದನ್ನು 1867ರಲ್ಲಿ ವಿವರಿಸಿದರು. ಇಲ್ಯಾ ಮೆಚ್ನಿಕಾಫ್ 1882ರಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಸಂಚಾರಿ ಜೀವಕೋಶಗಳು ಮುತ್ತುವುದನ್ನು ಕಂಡರು. ರೋಗನಿರೋಧಕ ಶಕ್ತಿಯ ಕುರಿತ ಕೆಲಸಕ್ಕಾಗಿ ಅವರಿಗೂ ಪಾಲ್ ಎರ್ಲಿಕ್ ಅವರಿಗೂ 1908ರ ನೊಬೆಲ್ ಪ್ರಶಸ್ತಿ ಸಂದಿತು. ಕೋನ್‌ಹೈಮ್, ಮೆಚ್ನಿಕಾಫ್ ಇಬ್ಬರೂ ಆರಿಸಿಕೊಂಡದ್ದು ತಮ್ಮ ಪ್ರಶ್ನೆಗೆ ಬೇಕಾದ ಒಂದೇ ಗುಣವುಳ್ಳ ಪ್ರಾಣಿಯನ್ನು: ಒಳಗೆ ನಡೆಯುವುದು ಹೊರಗಿನಿಂದ ಕಾಣಬೇಕು, ಅಷ್ಟೇ.

ಇಂದು ನಮಗೆ ಗೊತ್ತಿರುವಂತೆ ತೀವ್ರ ಉರಿಯೂತಕ್ಕೆ ತನ್ನದೇ ಆದ ವೇಳಾಪಟ್ಟಿ ಇದೆ. ಗಾಯವಾದ ಕೆಲವೇ ನಿಮಿಷಗಳಲ್ಲಿ ಅಂಗಾಂಶದಲ್ಲಿರುವ ಮಾಸ್ಟ್ ಕೋಶಗಳೆಂಬ ರೋಗನಿರೋಧಕ ಕೋಶಗಳಿಂದ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬಿದ್ದು ರಕ್ತನಾಳಗಳು ಹಿಗ್ಗುತ್ತವೆ, ಸೋರುತ್ತವೆ. ಮುಂದಿನ ಕೆಲವು ಗಂಟೆಗಳಲ್ಲಿ ನ್ಯೂಟ್ರೋಫಿಲ್‌ಗಳೆಂಬ ಬಿಳಿ ರಕ್ತಕಣಗಳು ಬಂದು ಸೇರುತ್ತವೆ, ಒಂದೆರಡು ದಿನಗಳಲ್ಲಿ ಮಾನೋಸೈಟ್‌ಗಳೆಂಬ ಇನ್ನೊಂದು ಬಗೆಯ ಬಿಳಿಕಣಗಳು ಬಂದು, ಸೂಕ್ಷ್ಮಾಣು ಮತ್ತು ಸತ್ತ ಕೋಶಗಳನ್ನು ನುಂಗುವ ಮ್ಯಾಕ್ರೋಫೇಜ್‌ಗಳಾಗಿ ಆ ಜಾಗವನ್ನು ವಹಿಸಿಕೊಳ್ಳುತ್ತವೆ. ಕೊನೆಗೆ ಲಿಪಾಕ್ಸಿನ್, ರಿಸಾಲ್ವಿನ್‌ಗಳಂಥ ಅಣುಗಳ ನೆರವಿನಿಂದ ಉರಿಯೂತ ಶಮನಗೊಳ್ಳುತ್ತದೆ. ಶಮನವೆಂಬುದು ಉರಿಯೂತ ತಾನಾಗಿ ಆರಿಹೋಗುವುದಲ್ಲ, ದೇಹ ಸಕ್ರಿಯವಾಗಿ ನಡೆಸುವ ಪ್ರತ್ಯೇಕ ಕ್ರಿಯೆ ಎಂಬುದನ್ನು ಯೋಜನೆ ಬರೆಯುವಾಗ ಹಲವರು ಮರೆಯುತ್ತಾರೆ. ರುಮಟಾಯ್ಡ್ ಸಂಧಿವಾತ, ಕರುಳಿನ ಕ್ರೋನ್ಸ್ ಕಾಯಿಲೆ, ಮಿದುಳು ಮತ್ತು ಬೆನ್ನುಹುರಿಯ ಮಲ್ಟಿಪಲ್ ಸ್ಕ್ಲೆರೋಸಿಸ್‌ಗಳಲ್ಲಿ ಈ ಶಮನ ಸರಿಯಾಗಿ ನಡೆಯದೆ ಉರಿಯೂತ ದೀರ್ಘಕಾಲಿಕವಾಗುತ್ತದೆ. ಅಪಧಮನಿಗಳಲ್ಲಿ ಕೊಬ್ಬಿನ ಪದರ ಕಟ್ಟುವ ಅಥೆರೋಸ್ಕ್ಲೆರೋಸಿಸ್‌ನಲ್ಲಿಯೂ ಬೊಜ್ಜಿನಲ್ಲಿಯೂ ಅದು ಹೊರಗೆ ಲಕ್ಷಣ ತೋರದೆ ಸಣ್ಣ ಮಟ್ಟದಲ್ಲಿ ವರ್ಷಗಟ್ಟಲೆ ಸಾಗುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಯಾವ ಕೋಶ ಅಥವಾ ಅಣು, ಯಾವ ಅಂಗಾಂಶ, ಯಾವ ಘಟ್ಟ, ಯಾವ ಪರಿಣಾಮ ಎಂಬ ನಾಲ್ಕೂ ಅದರಲ್ಲಿರಲಿ. "ಈ ಸಸ್ಯಸಾರಕ್ಕೆ ಉರಿಯೂತ ತಗ್ಗಿಸುವ ಗುಣವಿದೆಯೇ" ಎಂಬುದು ಇನ್ನೂ ಪ್ರಶ್ನೆಯಾಗಿಲ್ಲ. "ಕೀಲಿನ ಊತ ಆಗಲೇ ಕಾಣಿಸಿಕೊಂಡ ಮೇಲೆ ಕೊಟ್ಟರೆ ಈ ವಸ್ತು ಮೂಳೆಯ ಸವೆತವನ್ನು ತಡೆಯುತ್ತದೆಯೇ" ಎಂಬುದು ಪ್ರಶ್ನೆ. ಅದಕ್ಕೆ "ಇಲ್ಲ" ಎಂದು ಒಪ್ಪಿಕೊಳ್ಳಬೇಕಾದರೆ ಎಂಥ ಫಲಿತಾಂಶ ಬರಬೇಕು ಎಂಬುದನ್ನೂ ಅದರ ಕೆಳಗೇ ಬರೆದಿಡಿ.

ಎರಡನೆಯ ಹೆಜ್ಜೆ: ಪ್ರಾಣಿ ಬೇಕೇ ಬೇಕೇ ಎಂದು ಪರೀಕ್ಷಿಸಿ

ರಸೆಲ್ ಮತ್ತು ಬರ್ಚ್ 1959ರಲ್ಲಿ ಮುಂದಿಟ್ಟ ಮೂರು ಸೂತ್ರಗಳು ಇಂದಿಗೂ ಪ್ರಾಣಿ ಪ್ರಯೋಗಗಳಿಗೆ ಅನುಮತಿ ಕೊಡುವ ನೀತಿ ಸಮಿತಿಗಳ ವಿಮರ್ಶೆಗೆ ಆಧಾರ: ಸಾಧ್ಯವಿದ್ದಲ್ಲಿ ಪ್ರಾಣಿಯ ಬದಲು ಬೇರೆ ವಿಧಾನವನ್ನು ಬಳಸುವುದು, ಸಂಖ್ಯೆಯನ್ನು ತಗ್ಗಿಸುವುದು, ಯಾತನೆಯನ್ನು ಕಡಿಮೆ ಮಾಡುವಂತೆ ವಿಧಾನವನ್ನು ಪರಿಷ್ಕರಿಸುವುದು. ಒಂದು ಅಣು ಮ್ಯಾಕ್ರೋಫೇಜ್‌ನೊಳಗೆ ಯಾವ ಸಂಕೇತವನ್ನು ತಡೆಯುತ್ತದೆ ಎಂಬುದಷ್ಟೇ ಪ್ರಶ್ನೆಯಾಗಿದ್ದರೆ ಕೋಶ ಕೃಷಿ ಸಾಕು. ಕರುಳಿನ ಒಳಪದರದ ಪ್ರಶ್ನೆಗಳಿಗೆ ಆರ್ಗನಾಯ್ಡ್‌ಗಳಿವೆ, ಅಂದರೆ ಪ್ರಯೋಗಾಲಯದಲ್ಲಿ ಕೋಶಗಳಿಂದ ಬೆಳೆಸಿದ ಅಂಗದ ಕಿರುರೂಪಗಳಿವೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ರೋಗಿಗಳ ಅಂಗಾಂಶ ದೊರೆಯುವಂತಿದ್ದರೆ ಅದು ಹಲವು ಪ್ರಶ್ನೆಗಳಿಗೆ ಇಲಿಗಿಂತ ಮೇಲು. ಕೋಶಗಳು ರಕ್ತದಿಂದ ಅಂಗಾಂಶಕ್ಕೆ ವಲಸೆ ಹೋಗುವುದು, ಒಂದು ಅಂಗದ ಉರಿಯೂತ ಇನ್ನೊಂದನ್ನು ಕೆಡಿಸುವುದು, ತಿಂಗಳುಗಟ್ಟಲೆ ನಡೆಯುವ ಹಾನಿ ಮತ್ತು ದುರಸ್ತಿ, ನೋವಿನ ಅನುಭವ ಇಂಥವುಗಳಿಗೆ ಮಾತ್ರ ಇಡೀ ಜೀವಿಯ ಅಗತ್ಯ ಉಳಿದುಕೊಂಡಿದೆ. ಸಮಿತಿಗೆ ಸಲ್ಲಿಸುವ ಅರ್ಜಿಯಲ್ಲಿ ಈ ವಾದವನ್ನು ಸ್ಪಷ್ಟವಾಗಿ ಮಂಡಿಸಬೇಕು, ಅನುಮತಿ ಕೈಸೇರುವ ಮೊದಲು ಒಂದು ಪ್ರಾಣಿಯನ್ನೂ ತರಿಸಬಾರದು.

ಮೂರನೆಯ ಹೆಜ್ಜೆ: ಮಾದರಿಯ ಒಳಗೆ ಏನಿದೆ ಎಂದು ತಿಳಿದು ಆರಿಸಿ

ಕೆಲವೇ ಗಂಟೆಗಳ ತೀವ್ರ ಉರಿಯೂತಕ್ಕೆ ಹಳೆಯ ಮಾದರಿಯೆಂದರೆ 1962ರಿಂದ ಬಳಕೆಯಲ್ಲಿರುವ ಕ್ಯಾರಗೀನನ್ ಪಾದದ ಊತ. ರ‍್ಯಾಟ್‌ನ ಹಿಂಗಾಲಿನ ಅಂಗಾಲಿಗೆ ಸಾಮಾನ್ಯವಾಗಿ ಶೇ. 1ರ ಕ್ಯಾರಗೀನನ್ ದ್ರಾವಣವನ್ನು 0.1 ಮಿಲಿಲೀಟರ್ ಚುಚ್ಚಿ, ಪಾದದ ಗಾತ್ರವನ್ನು ಪ್ಲೆತಿಸ್ಮೋಮೀಟರ್‌ನಿಂದ ಅಳೆಯುತ್ತಾರೆ. ಮೊದಲ ಹಂತದ ಊತಕ್ಕೆ ಹಿಸ್ಟಮಿನ್ ಮತ್ತು ಸೆರೊಟೋನಿನ್ ಕಾರಣ, ಅನಂತರದ ಹಂತಕ್ಕೆ ಮುಖ್ಯವಾಗಿ ಪ್ರೋಸ್ಟಗ್ಲ್ಯಾಂಡಿನ್‌ಗಳೆಂಬ, ಉರಿಯೂತ ಹೆಚ್ಚಿಸುವ ಅಣುಗಳು. ಆಸ್ಪಿರಿನ್ ಮತ್ತು ಅದರ ಬಳಗದ ಔಷಧಿಗಳು ಪ್ರೋಸ್ಟಗ್ಲ್ಯಾಂಡಿನ್ ತಯಾರಿಕೆಯನ್ನು ತಡೆಯುತ್ತವೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದ ಮೇಲೆ, ಇಂಡೊಮೆಥಾಸಿನ್‌ನಂಥ ಔಷಧಿಗಳು ಈ ಮಾದರಿಯಲ್ಲಿ ಏಕೆ ಚೆನ್ನಾಗಿ ಕೆಲಸ ಮಾಡುತ್ತವೆ ಎಂಬುದು ಅರ್ಥವಾಯಿತು. ಇದರ ಮಿತಿಯೂ ಅಲ್ಲಿಯೇ ಇದೆ. ಇಲ್ಲಿ ಗೆದ್ದ ವಸ್ತು ಸಂಧಿವಾತಕ್ಕೆ ಮದ್ದು ಎಂದು ಬರೆಯುವ ಪ್ರಬಂಧಗಳಿಗೆ ಲೆಕ್ಕವಿಲ್ಲ, ಆದರೆ ಆರು ಗಂಟೆಗಳ ಊತದಲ್ಲಿ ಸ್ವದೇಹದ ಮೇಲೆ ತಿರುಗಿಬಿದ್ದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳೂ ಇಲ್ಲ, ಮೂಳೆಯ ಸವೆತವೂ ಇಲ್ಲ.

ಕೀಲಿನ ರೋಗವೇ ಗುರಿಯಾಗಿದ್ದರೆ ಆಯ್ಕೆಗಳು ಹಲವು. ಕೊಂದ ಮೈಕೋಬ್ಯಾಕ್ಟೀರಿಯಾಗಳನ್ನು ಎಣ್ಣೆಯಲ್ಲಿ ಕಲಸಿ ಚುಚ್ಚಿದರೆ ಸುಮಾರು ಎರಡು ವಾರಗಳಲ್ಲಿ ರ‍್ಯಾಟ್‌ನ ಹಲವು ಕೀಲುಗಳು ಊದಿಕೊಳ್ಳುವುದನ್ನು 1956ರಲ್ಲಿ ವರದಿ ಮಾಡಲಾಯಿತು. ಇಲಿಗಳಲ್ಲಿ ಇದು ಹಾಗೆ ಬರುವುದಿಲ್ಲ. ಎರಡನೆಯ ಬಗೆಯ ಕೊಲಾಜೆನ್ ಚುಚ್ಚಿ ಬರಿಸುವ ಸಂಧಿವಾತವನ್ನು 1977ರಲ್ಲಿ ರ‍್ಯಾಟ್‌ಗಳಲ್ಲಿ, 1980ರಲ್ಲಿ ಡಿಬಿಎ/1 ತಳಿಯ ಇಲಿಗಳಲ್ಲಿ ತೋರಿಸಲಾಯಿತು. ಇದರಲ್ಲಿ ಟಿ ಕೋಶ, ಬಿ ಕೋಶ ಎಂಬ ಎರಡು ಬಗೆಯ ಲಿಂಫೋಸೈಟ್‌ಗಳು, ಪ್ರತಿಕಾಯ ಎಲ್ಲವೂ ಪಾಲ್ಗೊಳ್ಳುತ್ತವೆ. ಪ್ರತಿಕಾಯಗಳು ಕೀಲನ್ನು ತಲುಪಿದ ಮೇಲೆ ಏನಾಗುತ್ತದೆ ಎಂಬುದಷ್ಟೇ ಪ್ರಶ್ನೆಯಾಗಿದ್ದರೆ, ಸಂಧಿವಾತ ತಾನಾಗಿ ಬರುವ ಕೆ/ಬಿಎಕ್ಸ್‌ಎನ್ ಇಲಿಗಳ ಸೀರಂ ಅನ್ನು, ಅಂದರೆ ಪ್ರತಿಕಾಯಗಳಿರುವ ರಕ್ತದ ತಿಳಿದ್ರವವನ್ನು, ಆರೋಗ್ಯವಂತ ಇಲಿಗಳಿಗೆ ಕೊಡುವ ಮಾದರಿ ಇದಕ್ಕಿಂತ ಚುರುಕು, ಸರಳ. ಉರಿಯೂತವನ್ನು ಹೆಚ್ಚಿಸುವ ಟಿಎನ್‌ಎಫ್ ಎಂಬ ಸಂಕೇತ ಪ್ರೋಟೀನಿಗೆ ಮನುಷ್ಯನಲ್ಲಿರುವ ವಂಶವಾಹಿಯನ್ನು ಅತಿಯಾಗಿ ಅಭಿವ್ಯಕ್ತಿಸುವ ಇಲಿಗಳಿಗೆ ಸಂಧಿವಾತ ತಾನಾಗಿಯೇ ಬರುತ್ತದೆ ಎಂದು 1991ರಲ್ಲಿ ತಿಳಿದುಬಂತು. ಆದರೆ ಟಿಎನ್‌ಎಫ್‌ಅನ್ನು ತಡೆಯುವ ಔಷಧಿಯನ್ನು ಈ ಇಲಿಯಲ್ಲಿ ಪರೀಕ್ಷಿಸಿ ಗೆದ್ದರೆ ಹೊಸದಾಗಿ ತಿಳಿಯುವುದು ಕಡಿಮೆ, ಏಕೆಂದರೆ ಉತ್ತರವನ್ನು ನಾವೇ ಒಳಗಿಟ್ಟು ಆಮೇಲೆ ಹುಡುಕಿದಂತಾಗುತ್ತದೆ.

ಕರುಳಿನ ಉರಿಯೂತದಲ್ಲಿ ಅತಿ ಹೆಚ್ಚು ಬಳಕೆಯಾಗುವುದು 1990ರಲ್ಲಿ ವರದಿಯಾದ ಡೆಕ್ಸ್‌ಟ್ರಾನ್ ಸೋಡಿಯಂ ಸಲ್ಫೇಟ್, ಅಂದರೆ ಡಿಎಸ್‌ಎಸ್, ಮಾದರಿ. ಕುಡಿಯುವ ನೀರಿನಲ್ಲಿ ಶೇ. 2ರಿಂದ 5ರಷ್ಟು ಬೆರೆಸಿ ಐದರಿಂದ ಏಳು ದಿನ ಕೊಟ್ಟರೆ ದೊಡ್ಡ ಕರುಳಿನ ಒಳಪದರ ಕಿತ್ತುಹೋಗಿ ರಕ್ತಭೇದಿ ಆರಂಭವಾಗುತ್ತದೆ. ಟಿ ಮತ್ತು ಬಿ ಕೋಶಗಳಿಲ್ಲದ ಇಲಿಗಳಲ್ಲಿಯೂ ಇದು ಬರುತ್ತದೆ. ಹಾಗಾಗಿ ಒಳಪದರದ ಗಾಯ ಮತ್ತು ದುರಸ್ತಿಯ ಅಧ್ಯಯನಕ್ಕೆ ಇದು ಉತ್ತಮ, ಟಿ ಕೋಶಗಳ ಮೇಲಿನ ಔಷಧಿಯನ್ನು ಪರೀಕ್ಷಿಸಲು ಅಲ್ಲ. ಟಿ ಕೋಶಗಳೇ ಬೇಕಾದರೆ, ಅವುಗಳಿಲ್ಲದ ಇಲಿಗೆ ಆಯ್ದ ಟಿ ಕೋಶಗಳನ್ನು ವರ್ಗಾಯಿಸುವ ಮಾದರಿಯನ್ನು ನೋಡಿ. ಉರಿಯೂತವನ್ನು ತಗ್ಗಿಸುವ ಇಂಟರ್‌ಲ್ಯೂಕಿನ್-10 ಎಂಬ ಸಂಕೇತ ಪ್ರೋಟೀನ್ ಇಲ್ಲದ ಇಲಿಗಳಿಗೆ ಕರುಳಿನ ಉರಿಯೂತ ತಾನಾಗಿ ಬರುತ್ತದೆ, ಆದರೆ ಅವನ್ನು ಸೂಕ್ಷ್ಮಾಣುರಹಿತವಾಗಿ ಬೆಳೆಸಿದರೆ ಬರುವುದಿಲ್ಲ. ಕರುಳಿನ ಸೂಕ್ಷ್ಮಾಣುಗಳ ಪಾತ್ರವನ್ನು ಇಷ್ಟು ನೇರವಾಗಿ ತೋರಿಸುವ ಪ್ರಯೋಗಗಳು ವಿರಳ.

ಮಿದುಳು ಮತ್ತು ಬೆನ್ನುಹುರಿಯ ಉರಿಯೂತಕ್ಕೆ 1933ರಲ್ಲಿ ಮಂಗಗಳಲ್ಲಿ ಮೊದಲು ಕಂಡ, ಈಗ ಹೆಚ್ಚಾಗಿ ನರತಂತುಗಳ ಹೊದಿಕೆಯಾದ ಮಯಲಿನ್‌ನ ಪ್ರೋಟೀನಿನ ತುಣುಕು ಕೊಟ್ಟು ಇಲಿಗಳಲ್ಲಿ ಬರಿಸುವ ಇಎಇ ಎಂಬ ಮಾದರಿಯಿದೆ, ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಅಧ್ಯಯನಕ್ಕೆ ಬಳಸುವುದು ಇದನ್ನೇ. ಸೋಂಕಿಗೆ ಇಡೀ ದೇಹ ಅತಿಯಾಗಿ ಪ್ರತಿಕ್ರಿಯಿಸುವ ಸೆಪ್ಸಿಸ್‌ಗೆ ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಎಂಬ ವಿಷವನ್ನು ಚುಚ್ಚುವುದಕ್ಕಿಂತ, ಸೀಕಂ ಎಂಬ ಕರುಳಿನ ಭಾಗವನ್ನು ಕಟ್ಟಿ ರಂಧ್ರ ಮಾಡುವ ಶಸ್ತ್ರಕ್ರಿಯೆಯ ಮಾದರಿ ರೋಗಕ್ಕೆ ಹತ್ತಿರ. ಅಥೆರೋಸ್ಕ್ಲೆರೋಸಿಸ್‌ಗೆ 1992ರಲ್ಲಿ ರೂಪುಗೊಂಡ, ಕೊಬ್ಬಿನ ಸಾಗಣೆಗೆ ಬೇಕಾದ ಅಪೊಇ ಪ್ರೋಟೀನ್ ಇಲ್ಲದ ಇಲಿಗಳಿವೆ. ಇವುಗಳ ಅಪಧಮನಿಗಳಲ್ಲಿ ಕೊಬ್ಬಿನ ಪದರ ಕಟ್ಟುತ್ತದೆ, ಆದರೆ ಅದು ಒಡೆದು ಹೃದಯಾಘಾತವಾಗುವುದು ತೀರ ಅಪರೂಪ. ನ್ಯೂಟ್ರೋಫಿಲ್‌ಗಳ ಚಲನೆಯನ್ನೇ ನೋಡಬೇಕಿದ್ದರೆ ಜೀಬ್ರಾಮೀನಿನ ಮರಿಯ ಬಾಲದ ರೆಕ್ಕೆಯನ್ನು ಕತ್ತರಿಸಿ, ಹೊಳೆಯುವ ಕೋಶಗಳು ಗಾಯದತ್ತ ಬಂದು ಮತ್ತೆ ಹಿಂದಿರುಗುವುದನ್ನು ಗಂಟೆಗಟ್ಟಲೆ ಚಿತ್ರೀಕರಿಸಬಹುದು. ಕೆಲವು ವಾರಗಳ ವಯಸ್ಸಾಗುವವರೆಗೆ ಈ ಮೀನಿನ ಲಿಂಫೋಸೈಟ್ ವ್ಯವಸ್ಥೆ ಬಲಿತಿರುವುದಿಲ್ಲ ಎಂಬುದು ಇಲ್ಲಿ ಅನುಕೂಲವೂ ಹೌದು, ಮಿತಿಯೂ ಹೌದು. ಕುದುರೆಗಳ ಆಸ್ತಮಾ, ನಾಯಿಗಳ ಚರ್ಮದ ಅಲರ್ಜಿ ಯಾರೂ ಬರಿಸದೆ ತಾವಾಗಿ ಬರುವ ರೋಗಗಳು. ಪಶುವೈದ್ಯರ ಸಹಯೋಗ ದೊರೆತರೆ ಅಲ್ಲಿ ಚಿಕಿತ್ಸೆಯ ಪ್ರಯೋಗವೇ ಅಧ್ಯಯನವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಆ ಮಾದರಿ ಹಿಂದೆ ಎಲ್ಲಿ ದಾರಿ ತಪ್ಪಿಸಿದೆ ಎಂದು ಓದಿಕೊಳ್ಳಿ

ಇದನ್ನು ಬಿಟ್ಟುಬಿಡುವವರೇ ಹೆಚ್ಚು, ಮತ್ತು ನನ್ನ ಎಣಿಕೆಯಲ್ಲಿ ಇದೇ ಅತಿ ಮುಖ್ಯವಾದದ್ದು. ಯಶಸ್ಸಿನ ಕಥೆ ಎಲ್ಲರಿಗೂ ಗೊತ್ತು: ಕೊಲಾಜೆನ್ ಸಂಧಿವಾತದ ಇಲಿಗಳಲ್ಲಿ ಟಿಎನ್‌ಎಫ್‌ಅನ್ನು ತಡೆದರೆ ಕೀಲು ಉಳಿಯುತ್ತದೆ ಎಂದು 1992ರಲ್ಲಿ ತೋರಿಸಲಾಯಿತು, ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಅವರ ಬಳಗ ಅದನ್ನು ರೋಗಿಗಳವರೆಗೆ ಕೊಂಡೊಯ್ದಿತು, ಆ ದಶಕ ಮುಗಿಯುವಷ್ಟರಲ್ಲಿ ಇನ್‌ಫ್ಲಿಕ್ಸಿಮ್ಯಾಬ್, ಎಟನರ್ಸೆಪ್ಟ್ ಔಷಧಿಗಳು ಬಳಕೆಗೆ ಬಂದವು. ಅದೇ ಟಿಎನ್‌ಎಫ್ ತಡೆ ಇಎಇ ಮಾದರಿಯಲ್ಲಿಯೂ ರೋಗವನ್ನು ತಗ್ಗಿಸಿತ್ತು. ಆದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಿಗೆ ಟಿಎನ್‌ಎಫ್ ತಡೆಯುವ ಲೆನರ್ಸೆಪ್ಟ್ ಔಷಧಿ ಕೊಟ್ಟಾಗ ರೋಗ ಉಲ್ಬಣಿಸಿತು ಎಂದು 1999ರಲ್ಲಿ ವರದಿಯಾಯಿತು. ಹಾಗೆಂದು ಇಎಇ ನಿರುಪಯುಕ್ತವೆನ್ನುವಂತಿಲ್ಲ. ಟಿ ಕೋಶಗಳು ಮಿದುಳಿಗೆ ನುಗ್ಗುವುದನ್ನು ತಡೆಯುವ ನ್ಯಾಟಲಿಜುಮ್ಯಾಬ್‌ನ ದಾರಿ ತೆರೆದುಕೊಂಡದ್ದೂ ಅದೇ ಮಾದರಿಯಿಂದ. ಕೋಶಗಳ ವಲಸೆಯ ವಿಷಯದಲ್ಲಿ ಮಾದರಿ ನಿಜ ಹೇಳಿತು, ಟಿಎನ್‌ಎಫ್‌ನ ಪಾತ್ರದ ವಿಷಯದಲ್ಲಿ ಹೇಳಲಿಲ್ಲ.

ಇಂಟರ್‌ಲ್ಯೂಕಿನ್-17ರ ಕಥೆಯೂ ಇಂಥದ್ದೇ. ಅದನ್ನು ತಡೆಯುವ ಸೆಕುಕಿನುಮ್ಯಾಬ್ ಸೋರಿಯಾಸಿಸ್‌ನಲ್ಲಿ ಚೆನ್ನಾಗಿ ಫಲಿಸಿದರೂ ಕ್ರೋನ್ಸ್ ಕಾಯಿಲೆಯಲ್ಲಿ ಫಲಿಸಲಿಲ್ಲ, 2012ರ ವರದಿಯ ಪ್ರಕಾರ ಕೆಲವರಲ್ಲಿ ರೋಗ ಹೆಚ್ಚಾಯಿತು. ಹಿಂತಿರುಗಿ ನೋಡಿದರೆ ಇಲಿಗಳು ಎಚ್ಚರಿಕೆ ಕೊಟ್ಟಿದ್ದವು: ಡಿಎಸ್‌ಎಸ್ ಮಾದರಿಯಲ್ಲಿ ಈ ಅಣುವನ್ನು ತಡೆದಾಗ ಉರಿಯೂತ ಹೆಚ್ಚಾಗಿತ್ತು, ಬೇರೊಂದು ರಾಸಾಯನಿಕ ಮಾದರಿಯಲ್ಲಿ ಕಡಿಮೆಯಾಗಿತ್ತು. ಒಂದೇ ಮಾದರಿಯನ್ನು ನೋಡಿದವರಿಗೆ ಈ ಭಿನ್ನಾಭಿಪ್ರಾಯ ಕಾಣುವುದಿಲ್ಲ. ಆದ್ದರಿಂದ ಕಾರ್ಯವಿಧಾನ ಬೇರೆಯಾಗಿರುವ ಎರಡು ಮಾದರಿಗಳನ್ನು ಆರಂಭದಿಂದಲೇ ಯೋಜನೆಯಲ್ಲಿ ಸೇರಿಸಿಕೊಳ್ಳಿ.

ಪ್ರಭೇದಗಳ ನಡುವಿನ ಅಂತರವನ್ನೂ ಪಟ್ಟಿ ಮಾಡಿಕೊಳ್ಳಿ. ಮನುಷ್ಯನ ರಕ್ತದ ಬಿಳಿಕಣಗಳಲ್ಲಿ ಶೇ. 50ರಿಂದ 70ರಷ್ಟು ನ್ಯೂಟ್ರೋಫಿಲ್‌ಗಳಾದರೆ ಇಲಿಯಲ್ಲಿ ಶೇ. 10ರಿಂದ 25ರಷ್ಟು ಮಾತ್ರ. ನ್ಯೂಟ್ರೋಫಿಲ್‌ಗಳನ್ನು ಕರೆಯುವ ಇಂಟರ್‌ಲ್ಯೂಕಿನ್-8ರ ವಂಶವಾಹಿಯೇ ಇಲಿಗಳಲ್ಲಿಲ್ಲ, ಬೇರೆ ಅಣುಗಳು ಆ ಕೆಲಸವನ್ನು ನಿರ್ವಹಿಸುತ್ತವೆ. ದೇಹತೂಕದ ಪ್ರತಿ ಕಿಲೋಗ್ರಾಂಗೆ 2ರಿಂದ 4 ನ್ಯಾನೋಗ್ರಾಂ ಎಂಡೊಟಾಕ್ಸಿನ್ ಮನುಷ್ಯನಿಗೆ ಜ್ವರ, ನಡುಕ ತರಿಸಲು ಸಾಕು, ಇಲಿಯನ್ನು ಆಘಾತಕ್ಕೆ ತಳ್ಳಲು ಮಿಲಿಗ್ರಾಂಗಳ ಲೆಕ್ಕದಲ್ಲಿ ಬೇಕು. ಉರಿಯೂತದಲ್ಲಿ ಮನುಷ್ಯನ ಮತ್ತು ಇಲಿಯ ವಂಶವಾಹಿಗಳ ಪ್ರತಿಕ್ರಿಯೆಗೆ ಹೋಲಿಕೆ ತೀರ ಕಡಿಮೆ ಎಂದು 2013ರಲ್ಲಿ ಒಂದು ತಂಡ ಹೇಳಿತು. ಅದೇ ದತ್ತಾಂಶವನ್ನು ಬೇರೆ ರೀತಿ ವಿಶ್ಲೇಷಿಸಿದ ಇನ್ನೊಂದು ತಂಡ ಹೋಲಿಕೆ ಬಹಳ ಹೆಚ್ಚು ಎಂದು ಮರುವರ್ಷ ಉತ್ತರಿಸಿತು. ಯಾವ ವಂಶವಾಹಿಗಳನ್ನು ಹೋಲಿಕೆಗೆ ಆರಿಸುತ್ತೇವೆ ಎಂಬುದರ ಮೇಲೆಯೇ ತೀರ್ಪು ನಿಂತಿತ್ತು. ಮಂಗಗಳಾದರೆ ಸುರಕ್ಷಿತವೆಂದೂ ತಿಳಿಯಬೇಕಿಲ್ಲ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಪ್ರತಿಕಾಯವನ್ನು, ಮಂಗಗಳಿಗೆ ತೊಂದರೆಯಾಗದ ಪ್ರಮಾಣದ ಐನೂರನೆಯ ಒಂದು ಭಾಗದಷ್ಟು ಮಾತ್ರ, ಆರು ಮಂದಿ ಸ್ವಯಂಸೇವಕರಿಗೆ ಕೊಟ್ಟಾಗ ಎಲ್ಲರಲ್ಲಿಯೂ ಸೈಟೋಕೈನ್‌ಗಳು, ಅಂದರೆ ಟಿಎನ್‌ಎಫ್‌ನಂಥ ಸಂಕೇತ ಪ್ರೋಟೀನ್‌ಗಳು, ಉಕ್ಕೇರಿ ಅಂಗಾಂಗಗಳು ವಿಫಲಗೊಳ್ಳುವ ಸ್ಥಿತಿ ಬಂದಿತ್ತು. ಆ ಪ್ರತಿಕಾಯ ಹಿಡಿಯುವ ಸಿಡಿ28 ಎಂಬ ಗ್ರಾಹಕ ಮಂಗಗಳ ಸಂಬಂಧಪಟ್ಟ ಟಿ ಕೋಶಗಳ ಮೇಲೆ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಗುರಿಯ ಅಣು ನಿಮ್ಮ ಪ್ರಾಣಿಯ ಅದೇ ಕೋಶದ ಮೇಲೆ ಇದೆಯೇ ಎಂದು ನೋಡಿಕೊಳ್ಳಲು ಒಂದು ಮಧ್ಯಾಹ್ನ ಸಾಕಾಗುತ್ತದೆ.

ಐದನೆಯ ಹೆಜ್ಜೆ: ತಳಿ, ಲಿಂಗ, ವಯಸ್ಸು, ಪಂಜರ

ಸಿ3ಎಚ್/ಹೆಚ್‌ಇಜೆ ತಳಿಯ ಇಲಿಗಳು ಎಂಡೊಟಾಕ್ಸಿನ್‌ಗೆ ಪ್ರತಿಕ್ರಿಯಿಸುವುದಿಲ್ಲ. ಅದಕ್ಕೆ ಕಾರಣ ಎಂಡೊಟಾಕ್ಸಿನ್ ಅನ್ನು ಗುರುತಿಸುವ ಗ್ರಾಹಕದ ಟಿಎಲ್‌ಆರ್4 ವಂಶವಾಹಿಯ ದೋಷ ಎಂದು 1998ರಲ್ಲಿ ತಿಳಿದದ್ದು ಜನ್ಮಜಾತ ರೋಗನಿರೋಧಕ ಶಕ್ತಿಯ ಅಧ್ಯಯನದ ದಿಕ್ಕನ್ನೇ ಬದಲಿಸಿತು. ತಳಿಯ ಪೂರ್ಣ ಹೆಸರು, ಉಪತಳಿ, ಪೂರೈಕೆದಾರರನ್ನು ಬರೆದಿಡಿ. ಒಂದೇ ತಳಿಯಾದರೂ ಬೇರೆ ಬೇರೆ ಪೂರೈಕೆದಾರರ ಇಲಿಗಳ ಕರುಳಿನಲ್ಲಿ ಬೇರೆ ಬೇರೆ ಸೂಕ್ಷ್ಮಾಣುಗಳಿರುತ್ತವೆ, ಅವುಗಳಲ್ಲಿ ಒಂದು ಬಗೆಯಿದ್ದರೆ ಇಂಟರ್‌ಲ್ಯೂಕಿನ್-17 ತಯಾರಿಸುವ ಟಿ ಕೋಶಗಳು ಹೆಚ್ಚುತ್ತವೆ. ಆದ್ದರಿಂದ ಯಾವುದಾದರೂ ಒಂದು ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳನ್ನು ಹೊರಗಿನಿಂದ ಕೊಂಡ ಸಾಮಾನ್ಯ ಇಲಿಗಳೊಂದಿಗೆ ಹೋಲಿಸಬೇಡಿ, ಒಂದೇ ತಾಯಿಯ ಮರಿಗಳನ್ನು ಹೋಲಿಸಿ. ರುಮಟಾಯ್ಡ್ ಸಂಧಿವಾತ ಹೆಂಗಸರಲ್ಲಿ ಹೆಚ್ಚು, ಆದರೂ ಕೊಲಾಜೆನ್ ಮಾದರಿಯಲ್ಲಿ ಗಂಡು ಇಲಿಗಳನ್ನೇ ಬಳಸುವ ರೂಢಿಯಿದೆ. ಎರಡೂ ಲಿಂಗಗಳನ್ನು ಸೇರಿಸಿ, ಇಲ್ಲವೇ ಸೇರಿಸದಿರುವುದಕ್ಕೆ ಕಾರಣ ಬರೆಯಿರಿ. ಇಲಿಗೆ ಹಿತವಾದ ಉಷ್ಣತೆ ಸುಮಾರು 30 ಡಿಗ್ರಿ ಸೆಲ್ಸಿಯಸ್. 20ರಿಂದ 24 ಡಿಗ್ರಿಯ ಕೋಣೆಯಲ್ಲಿ ಅದು ಸದಾ ಮೈ ಬೆಚ್ಚಗಿಡಲು ಶಕ್ತಿ ವ್ಯಯಿಸುತ್ತಿರುತ್ತದೆ, ಬೊಜ್ಜಿನ ಪ್ರಯೋಗಗಳಲ್ಲಿ ಇದು ಫಲಿತಾಂಶವನ್ನೇ ತಿರುಗಿಸಬಲ್ಲದು. ಇನ್ನು ಅತಿ ಶುಚಿಯಾಗಿ ಬೆಳೆದ ಇಲಿಯ ರೋಗನಿರೋಧಕ ವ್ಯವಸ್ಥೆ ಮನುಷ್ಯರಲ್ಲಿ ನವಜಾತ ಶಿಶುವಿನದನ್ನು ಹೋಲುತ್ತದೆ ಎಂದು 2016ರಲ್ಲಿ ಪ್ರಕಟವಾದ ಕೆಲಸ ತೋರಿಸಿದೆ.

ಆರನೆಯ ಹೆಜ್ಜೆ: ಸಂಖ್ಯೆ, ಹಂಚಿಕೆ, ಮದ್ದಿನ ಸಮಯ

ಒಂದು ಗುಂಪಿಗೆ ಆರು ಇಲಿ ಎಂಬುದು ರೂಢಿ, ಲೆಕ್ಕವಲ್ಲ. ನೀವು ಮುಖ್ಯವೆಂದು ಪರಿಗಣಿಸುವ ಕನಿಷ್ಠ ವ್ಯತ್ಯಾಸ ಎಷ್ಟು, ಪ್ರಾಣಿಯಿಂದ ಪ್ರಾಣಿಗೆ ಏರಿಳಿತ ಎಷ್ಟು ಎಂಬುದನ್ನು ಸಣ್ಣ ಪ್ರಾಯೋಗಿಕ ಅಧ್ಯಯನದಿಂದ ತಿಳಿದುಕೊಂಡು, ಸಾಮಾನ್ಯವಾಗಿ ಶೇ. 80ರ ಸಂಖ್ಯಾಶಾಸ್ತ್ರೀಯ ಸಾಮರ್ಥ್ಯವಿರುವಂತೆ, ಅಂದರೆ ವ್ಯತ್ಯಾಸ ನಿಜವಾಗಿ ಇದ್ದರೆ ಅದನ್ನು ಹಿಡಿಯುವ ಸಾಧ್ಯತೆ ಶೇ. 80 ಇರುವಂತೆ, ಸಂಖ್ಯೆಯನ್ನು ಲೆಕ್ಕ ಹಾಕಿ. ಡಿಎಸ್‌ಎಸ್ ಇಡೀ ಪಂಜರದ ನೀರಿನಲ್ಲಿ ಬೆರೆತಿರುವಾಗ, ಇಲಿಗಳು ಒಂದರ ಮಲವನ್ನು ಇನ್ನೊಂದು ತಿನ್ನುವುದರಿಂದ ಸೂಕ್ಷ್ಮಾಣುಗಳೂ ಹಂಚಿಹೋಗಿರುವಾಗ, ಎಣಿಸಬೇಕಾದ ಘಟಕ ಇಲಿಯಲ್ಲ, ಪಂಜರ. ಯಾವ ಇಲಿ ಯಾವ ಗುಂಪಿಗೆ ಎಂಬುದನ್ನು ಯಾದೃಚ್ಛಿಕ ಸಂಖ್ಯೆಗಳಿಂದ ನಿರ್ಧರಿಸಿ, ಕೈಗೆ ಸಿಕ್ಕಿದ ಕ್ರಮದಲ್ಲಿ ಬೇಡ. ಅಂಕ ಕೊಡುವವರಿಗೆ ಗುಂಪಿನ ಗುರುತು ತಿಳಿಯದಂತೆ ಸಂಕೇತ ಸಂಖ್ಯೆ ಬಳಸಿ. ಆರೋಗ್ಯವಂತ ಗುಂಪು, ಔಷಧಿಯಿಲ್ಲದ ದ್ರಾವಕ ಮಾತ್ರ ಪಡೆಯುವ ರೋಗಗ್ರಸ್ತ ಗುಂಪು, ಡೆಕ್ಸಾಮೆಥಾಸೋನ್‌ನಂಥ ಪರಿಚಿತ ಔಷಧಿ ಪಡೆಯುವ ಗುಂಪು ಮೂರೂ ಇರಲಿ.

ಮದ್ದನ್ನು ರೋಗ ಬರಿಸುವ ಮೊದಲೇ ಕೊಟ್ಟರೆ ಅದು ತಡೆಗಟ್ಟುವಿಕೆ. ಆಸ್ಪತ್ರೆಗೆ ಬರುವ ರೋಗಿಗೆ ರೋಗ ಆಗಲೇ ಬಂದಿರುತ್ತದೆ. ಸೆಪ್ಸಿಸ್‌ನಲ್ಲಿ ಪ್ರಾಣಿಗಳನ್ನು ಉಳಿಸಿದ ಟಿಎನ್‌ಎಫ್ ಪ್ರತಿಕಾಯಗಳು ಮನುಷ್ಯರಲ್ಲಿ ನಿರೀಕ್ಷಿತ ಫಲ ಕೊಡದಿದ್ದುದಕ್ಕೆ ಒಂದು ಕಾರಣ ಈ ಸಮಯದ ವ್ಯತ್ಯಾಸ. ಕೊಲಾಜೆನ್ ಮಾದರಿಯಲ್ಲಿ ಪ್ರತಿ ಇಲಿಗೂ ಊತ ಕಾಣಿಸಿಕೊಂಡ ದಿನದಿಂದಲೇ ಅದರ ಚಿಕಿತ್ಸೆಯ ದಿನಗಳನ್ನು ಎಣಿಸುವ ಯೋಜನೆ ತೊಡಕಿನದಾದರೂ ಆ ತೊಡಕಿಗೆ ಬೆಲೆಯಿದೆ.

ಏಳನೆಯ ಹೆಜ್ಜೆ: ಅಳತೆ

ಪ್ರತಿ ಪಾದಕ್ಕೆ 0ರಿಂದ 4ರಂತೆ ಒಟ್ಟು 16ರವರೆಗಿನ ಸಂಧಿವಾತದ ಅಂಕ, ಇಎಇಗೆ 0ರಿಂದ 5ರ ಅಂಕ, ಕರುಳಿಗೆ ತೂಕ, ಮಲದ ಸ್ಥಿತಿ ಮತ್ತು ರಕ್ತದ ಸೂಚ್ಯಂಕ ಇವೆಲ್ಲ ನೋಡುವವರ ಕಣ್ಣನ್ನು ಅವಲಂಬಿಸಿವೆ. ಆದ್ದರಿಂದ ಅಂಗಾಂಶ ಪರೀಕ್ಷೆ, ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಗುರುತಿಸುವ ಫ್ಲೋ ಸೈಟೋಮೆಟ್ರಿಯಿಂದ ಅವುಗಳ ಎಣಿಕೆ, ಕರುಳಿನ ಉದ್ದದಂಥ ಅಳತೆಗಳಲ್ಲಿ ಒಂದನ್ನಾದರೂ ಜೊತೆಗಿಡಿ, ಮುಖ್ಯ ಅಳತೆ ಯಾವುದೆಂದು ಮೊದಲೇ ಘೋಷಿಸಿ. ಆಸ್ಪತ್ರೆಯಲ್ಲಿ ಉರಿಯೂತದ ಸೂಚಕವಾಗಿ ಬಳಸುವ ಸಿಆರ್‌ಪಿ ಎಂಬ ರಕ್ತದ ಪ್ರೋಟೀನನ್ನು ಇಲಿಯಲ್ಲಿ ಅಳೆಯುವುದು ವ್ಯರ್ಥ, ಉರಿಯೂತದಲ್ಲಿ ಅಲ್ಲಿ ಅದು ಹೆಚ್ಚೇನೂ ಏರುವುದಿಲ್ಲ. ಅದರ ಬದಲು ಸೀರಂ ಅಮಿಲಾಯ್ಡ್ ಎ ಎಂಬ ಪ್ರೋಟೀನನ್ನು ಅಳೆಯಿರಿ. ಡಿಎಸ್‌ಎಸ್ ಪಡೆದ ಕರುಳಿನ ಆರ್‌ಎನ್‌ಎಯಲ್ಲಿ ಉಳಿದ ಡಿಎಸ್‌ಎಸ್, ವಂಶವಾಹಿಗಳ ಚಟುವಟಿಕೆಯನ್ನು ಅಳೆಯುವ ಪಿಸಿಆರ್ ಪರೀಕ್ಷೆಯ ಕಿಣ್ವಗಳನ್ನೇ ತಡೆಯುತ್ತದೆ. ಲಿಥಿಯಂ ಕ್ಲೋರೈಡ್‌ನಿಂದ ಶುದ್ಧೀಕರಿಸದಿದ್ದರೆ ರೋಗಗ್ರಸ್ತ ಗುಂಪಿನಲ್ಲಿ ಎಲ್ಲ ಸೈಟೋಕೈನ್‌ಗಳೂ ಕಡಿಮೆಯಾದಂತೆ ಕಂಡು ಗೊಂದಲವಾಗುತ್ತದೆ.

ಎಂಟನೆಯ ಹೆಜ್ಜೆ: ನೋವು ಮತ್ತು ನಿಲ್ಲಿಸಬೇಕಾದ ಗಡಿ

ಉರಿಯೂತದ ಅಧ್ಯಯನದಲ್ಲಿ ನೋವುನಿವಾರಕ ಕೊಡುವುದೇ ಇಕ್ಕಟ್ಟು, ಏಕೆಂದರೆ ಐಬುಪ್ರೊಫೆನ್‌ನಂಥವು ಅಧ್ಯಯನದ ವಿಷಯವನ್ನೇ ಅಳಿಸಿಹಾಕುತ್ತವೆ. ಬುಪ್ರೆನಾರ್ಫಿನ್‌ನಂಥ ಔಷಧಿಗೆ ಆ ತೊಂದರೆ ಕಡಿಮೆ, ಪೂರ್ತಿ ಇಲ್ಲವೆಂದಲ್ಲ. ಪಶುವೈದ್ಯರೊಂದಿಗೆ ಚರ್ಚಿಸಿ, ಎಲ್ಲ ಗುಂಪುಗಳಿಗೂ ಒಂದೇ ರೀತಿ ಕೊಡಿ. ತೂಕ ಶೇ. 20ರಷ್ಟು ಇಳಿದರೆ, ಸೆಪ್ಸಿಸ್‌ನಲ್ಲಿ ದೇಹದ ಉಷ್ಣತೆ ನಿಗದಿತ ಮಟ್ಟಕ್ಕಿಂತ ಕುಸಿದರೆ ಪ್ರಾಣಿಯನ್ನು ನೋವಿಲ್ಲದೆ ಕೊನೆಗಾಣಿಸುವುದೆಂದು ಮೊದಲೇ ಬರೆದಿಡಿ. ಸಾವನ್ನೇ ಅಳತೆಯಾಗಿಸಬೇಕಾದ ಅಗತ್ಯ ಇಂದು ಬಹುಮಟ್ಟಿಗೆ ಉಳಿದಿಲ್ಲ. ಇಲಿಯ ಕಣ್ಣು, ಮೂಗು, ಕೆನ್ನೆ, ಕಿವಿ, ಮೀಸೆಗಳ ಭಂಗಿಯಿಂದ ನೋವನ್ನು ಅಂಕಿಸುವ ಮುಖಭಾವದ ಮಾಪಕ 2010ರಿಂದ ಲಭ್ಯವಿದೆ, ಅದನ್ನು ಕಲಿಯುವುದು ಕಷ್ಟವಲ್ಲ.

ಒಂಬತ್ತನೆಯ ಹೆಜ್ಜೆ: ವರದಿ

2010ರಲ್ಲಿ ಪ್ರಕಟವಾಗಿ 2020ರಲ್ಲಿ ಪರಿಷ್ಕೃತಗೊಂಡ, ಪ್ರಾಣಿ ಪ್ರಯೋಗಗಳ ವರದಿಗೆಂದೇ ಇರುವ ಅರೈವ್ (ARRIVE) ಮಾರ್ಗಸೂಚಿಯ ಹತ್ತು ಅಗತ್ಯ ಅಂಶಗಳನ್ನು ಬರೆಯುವಾಗಲ್ಲ, ಯೋಜಿಸುವಾಗಲೇ ಎದುರಿಗಿಟ್ಟುಕೊಳ್ಳಿ. ಎಷ್ಟು ಪ್ರಾಣಿಗಳನ್ನು ಹೊರಗಿಟ್ಟಿರಿ, ಯಾವ ಕಾರಣಕ್ಕೆ ಎಂಬುದು ಅದರಲ್ಲಿ ಬರಲೇಬೇಕು. ಯೋಜನೆಯನ್ನು ಪ್ರಯೋಗಕ್ಕೆ ಮೊದಲೇ ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸಿದರೆ ಮುಖ್ಯ ಅಳತೆಯನ್ನು ಆಮೇಲೆ ಬದಲಿಸಿದ್ದೀರೆಂಬ ಅನುಮಾನಕ್ಕೆ ಎಡೆಯಿರುವುದಿಲ್ಲ. ಶೀರ್ಷಿಕೆಯಲ್ಲಿಯೇ ಪ್ರಾಣಿಯ ಹೆಸರು ಇರಲಿ, ತೀರ್ಮಾನದ ವಾಕ್ಯದಲ್ಲಿ ರೋಗದ ಹೆಸರಿನ ಬದಲು ಮಾದರಿಯ ಹೆಸರು ಇರಲಿ. ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ "ಇಲ್ಲ" ಎಂಬ ಫಲಿತಾಂಶವೇ ಬಂದಿದ್ದರೆ ಅದನ್ನೂ ದತ್ತಾಂಶದೊಂದಿಗೆ ಪ್ರಕಟಿಸಿ. ಅದೇ ಮಾದರಿಯಲ್ಲಿ ಅದೇ ಪ್ರಶ್ನೆಯನ್ನು ಕೇಳಲು ಹೊರಟಿರುವ ಇನ್ನೊಂದು ಪ್ರಯೋಗಾಲಯ ಆಗ ಅಷ್ಟು ಪ್ರಾಣಿಗಳನ್ನು ಮತ್ತೆ ಬಳಸಬೇಕಾಗುವುದಿಲ್ಲ.